ಅಲ್ಲಿ ಒಕ್ಕಣ್ಣ ದೈತ್ಯರು, ಇಲ್ಲಿ ಕುಳ್ಳ ಮೋರ್ಯರು!

ಯಾರು ಕಟ್ಟಿದ್ದೆಂದು ತಿಳಿಯದ ಭಾರಿ ಕಲ್ಲುಗಳನ್ನು ಕಂಡಾಗ ಗ್ರೀಕರಿಗೆ ನೆನಪಾದದ್ದು ದೈತ್ಯರು. ನಮ್ಮ ಗಂಗಾವತಿ ಸೀಮೆಯವರಿಗೆ ನೆನಪಾದದ್ದು ಮಾತ್ರ ಕುಳ್ಳರು!

ಗ್ರೀಸಿನ ಮೈಸೀನಿ, ಟಿರಿನ್ಸ್ ಕೋಟೆಗಳನ್ನು ಒಕ್ಕಣ್ಣಿನ ಸೈಕ್ಲೋಪ್‌ಗಳು ಕಟ್ಟಿದರು ಎಂಬುದು ಪ್ರಾಚೀನ ಗ್ರೀಕರ ನಂಬಿಕೆಯಾಗಿತ್ತು. ಗ್ರೀಕರ ಸೃಷ್ಟಿಕಥೆಯಲ್ಲಿ ಬರುವ ಸೈಕ್ಲೋಪ್‌ಗಳು ಭೂಮಿತಾಯಿ ಗಾಯಾ, ಆಕಾಶರಾಯ ಯುರೇನಸ್‌ರ ಮಕ್ಕಳು. ದೇವರಾಜ ಜ್ಯೂಸ್‌ಗೆ ಸಿಡಿಲಿನ ಆಯುಧ ಕೊಟ್ಟವರೂ ಇವರೇ. ಟಿರಿನ್ಸ್ ಗೋಡೆಯ ಅತಿ ಚಿಕ್ಕ ಕಲ್ಲನ್ನೂ ಜೋಡಿ ಹೇಸರಗತ್ತೆಗಳು ಅಲುಗಾಡಿಸಲಾರವು ಎಂದು ಪ್ರಾಚೀನ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ.

ಇತ್ತ ಗಂಗಾವತಿ ಸೀಮೆಯ ಹಿರೇಬೆಣಕಲ್ ಬೆಟ್ಟದ ಮೇಲೆ ಸುಮಾರು 400 ಶಿಲಾ ಸ್ಮಾರಕಗಳಿವೆ. ಹಲವಕ್ಕೆ ನಿಲ್ಲಿಸಿದ ಕಲ್ಲುಚಪ್ಪಡಿಗಳೇ ಗೋಡೆ, ಮೇಲೆ ಹಾಸಿದ ಬಂಡೆಯೇ ಚಾವಣಿ. ಕೆಲವಕ್ಕೆ ದುಂಡನೆಯ ಕಿಂಡಿಯೂ ಉಂಟು. ಅಷ್ಟು ಸಣ್ಣ ಕಿಂಡಿಯಲ್ಲಿ ನುಸುಳುವವರು ಕುಳ್ಳರೇ ಇರಬೇಕಲ್ಲ! ಹಾಗಾಗಿಯೋ ಏನೋ, ಜನರ ಬಾಯಲ್ಲಿ ಇವು ಮೋರ್ಯರೆಂಬ ಕುಳ್ಳರ ಮನೆಗಳಾದವು. ಬೆಟ್ಟ ಮೋರ್ಯರ ಗುಡ್ಡವಾಯಿತು.

ನಿಜದಲ್ಲಿ ಆ ಕಲ್ಲುಮನೆಗಳಲ್ಲಿ ಯಾರೂ ಸಂಸಾರ ಹೂಡಿರಲಿಲ್ಲ. ಅವು 2,000 ವರ್ಷಗಳಿಗೂ ಹಿಂದೆ, ಕಬ್ಬಿಣ ಯುಗದ ಜನ ಸತ್ತವರಿಗಾಗಿ ನಿಲ್ಲಿಸಿದ ಸ್ಮಾರಕಗಳು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.