ಎಮ್ಮೆ ಕಟ್ಟಿದ ಜಾಗದಲ್ಲೊಂದು ಸಂತೆ

ಸಿಂಗಪುರದಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಹಬ್ಬದ ಬಾಳೆ ಎಲೆ, ಸಾರಿಗೆ ನುಗ್ಗೆ, ಒಗ್ಗರಣೆಗೆ ಕರಿಬೇವು ಬೇಕೆಂದರೆ ಟೆಕ್ಕಾ ಮಾರುಕಟ್ಟೆಯೇ ಗತಿ. ಅದರ ಪಕ್ಕದ ಬೀದಿಗೆ ಬಫಲೋ ರೋಡ್ ಎಂದು ಹೆಸರು. ಈ ಪೇಟೆ ಹುಟ್ಟಿದ್ದೇ ಎಮ್ಮೆಗಳಿಂದ.

ರೋಚೋರ್ ಕಾಲುವೆಯ ನೀರು, ಸುತ್ತ ಹುಲ್ಲು. ದನ ಕಟ್ಟಲು ಇನ್ನೇನು ಬೇಕು? ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಸೆರಂಗೂನ್ ರಸ್ತೆಯುದ್ದಕ್ಕೂ ಕೊಟ್ಟಿಗೆಗಳೆದ್ದವು. ಕಲ್ಕತ್ತದಿಂದ ಬಂದ ಯಹೂದಿ ವರ್ತಕ ಬೆಲಿಲಿಯೋಸ್ ಈ ವಹಿವಾಟಿನ ದೊಡ್ಡ ಕುಳ. ಅವನ ಹೆಸರಿನ ಬೀದಿ ಇವತ್ತಿಗೂ ಇದೆ. ದನದ ಕೆಲಸಕ್ಕೆ ಭಾರತೀಯರು ಬಂದರು. ಅವರ ಹಿಂದೆಯೇ ಹಾಲು, ಹೂವು, ಮಸಾಲೆಯ ಅಂಗಡಿಗಳೂ ಬಂದವು. 1822ರ ನಗರ ಯೋಜನೆಯಲ್ಲಿ ಬ್ರಿಟಿಷರು ಭಾರತೀಯರಿಗೆಂದು ಗುರುತು ಹಾಕಿದ್ದು ಸಿಂಗಪುರ ನದಿಯ ದಂಡೆಯನ್ನು. ಈಗ ಲಿಟಲ್ ಇಂಡಿಯಾ ಎನ್ನುವ ಈ ಪೇಟೆ ಯಾರೂ ಗೊತ್ತುಮಾಡಿದ ಜಾಗವಲ್ಲ, ಹೊಟ್ಟೆಪಾಡು ಹುಡುಕಿಕೊಂಡ ಜಾಗ.

ಮಾರುಕಟ್ಟೆಯ ಕಟ್ಟಡ ಬಂದದ್ದು 1915ರಲ್ಲಿ. ಮಲಯ್ ಹೆಸರು ಕಂಡಾಂಗ್ ಕೆರ್ಬಾವ್, ಅಂದರೆ ಎಮ್ಮೆ ಕೊಟ್ಟಿಗೆ. ಸಮೀಪದ ಹೆರಿಗೆ ಆಸ್ಪತ್ರೆಗೂ ಅದೇ ಹೆಸರು. 1966ರಲ್ಲಿ ಅಲ್ಲಿ 39,835 ಹೆರಿಗೆಗಳಾಗಿ ಗಿನ್ನಿಸ್ ದಾಖಲೆಯಾಯಿತು.

ಹಳೆಯ ಕಟ್ಟಡ ಹೋಗಿ, 1982ರಲ್ಲಿ ರಸ್ತೆಯ ಆಚೆ ಈಗಿನ ಸಂಕೀರ್ಣ ತೆರೆಯಿತು. ಕೆಳಗೆ ಮೀನು, ಮಾಂಸ, ಸೊಪ್ಪು, ಊಟದ ಅಂಗಡಿಗಳು. ಮೇಲೆ ಸೀರೆ, ದರ್ಜಿಗಳು. ಸರ್ಕಾರ ಫಲಕದ ಮೇಲೆ ಬರೆಸಿದ್ದ ಮ್ಯಾಂಡರಿನ್ ಹೆಸರು ಜನರ ಬಾಯಿಗೆ ಹತ್ತಲೇ ಇಲ್ಲ. 2000ರಲ್ಲಿ ಫಲಕವೇ ಸೋತು, ಜನ ಕರೆಯುತ್ತಿದ್ದ ಟೆಕ್ಕಾ ಆಯಿತು.

ನೆಲ ಸದಾ ಒದ್ದೆ. ಐಸ್ ಕರಗುತ್ತಿರುತ್ತದೆ, ಕಟ್ಟೆ ತೊಳೆದ ನೀರು ಹರಿಯುತ್ತಿರುತ್ತದೆ. ಅದಕ್ಕೇ ಇಂಥವಕ್ಕೆ ಅಲ್ಲಿ ‘ವೆಟ್ ಮಾರ್ಕೆಟ್’ ಎನ್ನುವುದು. ಅಲ್ಲಿನ ಟೆಂಗಿರಿ ಮೀನು ಎಂದರೆ ನಮ್ಮ ಕರಾವಳಿಯ ಅಂಜಲ್. ಮೀನು ಮಾರುವ ಚೀನೀಯ ಕಿವಿರು ಎತ್ತಿ ಕೆಂಪು ತೋರಿಸಿ, ಕತ್ತಿ ಹಿಡಿದು, ತುಂಡು ಎಷ್ಟು ದಪ್ಪ ಎಂದು ಬೆರಳಲ್ಲೇ ಕೇಳುತ್ತಾನೆ. ನಾವೂ ಬೆರಳಲ್ಲೇ ಹೇಳುತ್ತೇವೆ. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ತಟ್ಟೆಯ ಮೀನಿಗೆ ಈ ಮಾತುಕತೆಯ ಯೋಗವಿಲ್ಲ. ಆಚೆ ಕುರಿಮಾಂಸದ ಸಾಲಿನಲ್ಲಿ ತಮಿಳು ಮುಸ್ಲಿಮರ ಮರದ ದಿಮ್ಮಿಗಳು ಮಾಂಸ ಕಡಿದೂ ಕಡಿದೂ ನಡುವೆ ತಗ್ಗು ಬಿದ್ದಿವೆ.

ಹೊಸದಾಗಿ ಹೋದವರಿಗೆ ಒಂದು ಮಾತು: ಬೆಳಿಗ್ಗೆ ಬೇಗ ಹೋಗಿ, ಸೋಮವಾರ ಬೇಡ. ಮೀನಿನವರಲ್ಲಿ ಹೆಚ್ಚಿನವರಿಗೆ ಅಂದು ರಜೆ.