ಆಫರ್ ಲೆಟರಿನ ಕೊನೆಯ ಸಾಲು

ಆಫರ್ ಲೆಟರ್ ಬಂತು. ಮನೆಯಲ್ಲಿ ಸಿಹಿ ಹಂಚಿದ್ದೂ ಆಯ್ತು. ಆಮೇಲೆ ನಿಧಾನಕ್ಕೆ ಓದಿದಾಗ ಕೊನೆಯಲ್ಲೊಂದು ಸಾಲು ಕಣ್ಣಿಗೆ ಬೀಳುತ್ತೆ: ಈ ನೇಮಕ ಹಿನ್ನೆಲೆ ಪರಿಶೀಲನೆಗೆ ಒಳಪಟ್ಟಿದೆ. ಅಲ್ಲಿಗೆ ನಿದ್ದೆ ಹೋಯ್ತು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಮನೆಗೆ ಮೊದಲ ಪದವೀಧರರಾದ ಮಕ್ಕಳಿಗೆ ಈ ಭಯ ಇನ್ನೂ ಜಾಸ್ತಿ. ಯಾರನ್ನ ಕೇಳೋದು? ಅಪ್ಪ ಅಮ್ಮ ಇಂಥ ಕಾಗದವನ್ನೇ ನೋಡಿದವರಲ್ಲ.

ಹಾಗಾದ್ರೆ ಏನಿದು ಪರಿಶೀಲನೆ? ಖಾಸಗಿ ಕಂಪನಿಗಳು ಸಾಮಾನ್ಯವಾಗಿ ನೋಡೋದು ನಾಲ್ಕೇ ವಿಷಯ. ನೀವು ಯಾರು, ಏನು ಓದಿದ್ದೀರಿ, ಎಲ್ಲಿ ಕೆಲಸ ಮಾಡಿದ್ದೀರಿ, ನಿಮ್ಮ ಮೇಲೆ ಕೇಸ್ ಇದೆಯಾ. ನಮ್ಮ ಹುಡುಗರು ಎಡವೋದು ಬಹಳ ಸಲ ಸುಳ್ಳಿನಿಂದಲ್ಲ, ಕಾಗದದ ಗೊಂದಲದಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹನುಮಂತ, ಆಧಾರ್‌ನಲ್ಲಿ ಹನುಮಂತಪ್ಪ. ಇನ್ನು ಪದವಿಯ ವಿಷಯ. ರಾಯಚೂರು ಜಿಲ್ಲೆಯ ಕಾಲೇಜುಗಳು ಮೊದಲು ಗುಲ್ಬರ್ಗ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಆಮೇಲೆ ರಾಯಚೂರಿಗೇ, ಯರಗೇರಾ ಕ್ಯಾಂಪಸ್ಸಿನ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಅರ್ಜಿಯಲ್ಲಿ ಒಂದರ ಬದಲು ಇನ್ನೊಂದನ್ನ ಬರೆದರೆ, ನಮ್ಮಲ್ಲಿ ದಾಖಲೆ ಇಲ್ಲ ಅನ್ನೋ ಉತ್ತರ ಬರಬಹುದು. ಪ್ರಮಾಣಪತ್ರದ ಮೇಲೆ ಏನಿದೆಯೋ ಅದನ್ನೇ ಬರೆಯಿರಿ. ಹೆಸರಿನಲ್ಲಿ ವ್ಯತ್ಯಾಸ ಇದ್ದರೆ ಅವರು ಕೇಳೋದಕ್ಕಿಂತ ಮೊದಲೇ ಎಚ್‌ಆರ್‌ಗೆ ಇಮೇಲ್ ಮಾಡಿ ತಿಳಿಸಿ.

ಆದರೆ ಆರು ತಿಂಗಳ ಅನುಭವವನ್ನ ಎರಡು ವರ್ಷ ಅಂತ ಬರೆದಿದ್ದರೆ ಅದು ಗೊಂದಲವಲ್ಲ, ಸುಳ್ಳು. ಪಿಎಫ್ ಖಾತೆ ಇದ್ದರೆ, ಯಾವಾಗ ಸೇರಿದ್ರಿ, ಯಾವಾಗ ಬಿಟ್ರಿ ಎಲ್ಲವೂ ಯುಎಎನ್ ಸಂಖ್ಯೆಯಡಿ ದಾಖಲಾಗಿರುತ್ತೆ.

ಸರ್ಕಾರಿ ಕೆಲಸದ್ದು ಬೇರೆ ಲೆಕ್ಕ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ಮೀಸಲಾತಿ ಪಡೆದವರಿಗೆ ಅದರ ಅರ್ಹತಾ ಪತ್ರ, ಜಾತಿ ಮೀಸಲಾತಿ ಪಡೆದವರಿಗೆ ಸಿಂಧುತ್ವ ಪತ್ರ, ಅದರ ಮೇಲೆ ಪೊಲೀಸ್ ಪರಿಶೀಲನೆ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದರೂ ಇವೆಲ್ಲ ಮುಗಿಯೋ ತನಕ ಆದೇಶ ಕೈಗೆ ಸಿಗಲ್ಲ. ತಡ ಆಯ್ತು ಅಂದ್ರೆ ತಿರಸ್ಕಾರ ಆಯ್ತು ಅಂತಲ್ಲ.

ಈಗ ಎಲ್ಲರನ್ನೂ ನಡುಗಿಸೋ ಪ್ರಶ್ನೆ. ಪೊಲೀಸ್ ಕೇಸ್ ಇದ್ದರೆ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ಮಾನ್ವಿ, ರಾಯಚೂರು. ನೀರು ಬಿಡಿ ಅಂತ ರಸ್ತೆಯಲ್ಲಿ ಕೂತು ಘೋಷಣೆ ಕೂಗಿದ ಹುಡುಗನ ಮೇಲೂ ಒಂದು ಎಫ್‌ಐಆರ್ ಇರಬಹುದು. ಅವನ ಬದುಕು ಅಲ್ಲಿಗೇ ಮುಗೀತಾ? ಇಲ್ಲ. 2016ರ ಜುಲೈನಲ್ಲಿ, ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನ ಬಿಡಿಸಿ ಹೇಳಿದೆ. ಕ್ಷುಲ್ಲಕ ಪ್ರಕರಣಕ್ಕೆ ಅದು ಕೊಟ್ಟ ಉದಾಹರಣೆಯೇ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು! ಅಂಥದ್ದನ್ನ ಮುಚ್ಚಿಟ್ಟಿದ್ದರೂ ಅಧಿಕಾರಿ ವಿವೇಚನೆಯಿಂದ ಕ್ಷಮಿಸಬಹುದು ಅಂದಿತು. ಅರ್ಜಿಯಲ್ಲಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದದ್ದನ್ನ ಹೇಳಲಿಲ್ಲ ಅಂತ ಶಿಕ್ಷಿಸುವಂತಿಲ್ಲ ಅಂತಲೂ ಹೇಳಿತು.

ಹಾಗಂತ ಮೈಮರೆಯಬೇಡಿ. ಸತ್ಯ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಿಲ್ಲ, ಗಂಭೀರ ಪ್ರಕರಣವಾದರೆ ನಿರಾಕರಿಸೋ ಅಧಿಕಾರ ಉದ್ಯೋಗದಾತರಿಗಿದೆ. ಬಾಕಿ ಇರೋ ಹಲವು ಕೇಸುಗಳನ್ನ ಗೊತ್ತಿದ್ದೂ ಬಚ್ಚಿಟ್ಟರೆ, ಅದೊಂದೇ ಕಾರಣ ಸಾಕು, ನೇಮಕ ರದ್ದಾಗೋದಕ್ಕೆ. ಇದು ಸರ್ಕಾರಿ ನೌಕರಿಯ ತೀರ್ಪು ಅನ್ನೋದೂ ನೆನಪಿರಲಿ, ಖಾಸಗಿ ಕಂಪನಿಗೆ ಅದರದ್ದೇ ನಿಯಮಗಳಿರುತ್ತವೆ.

ಹಾಗಾದ್ರೆ ಕಾಯೋ ದಿನಗಳಲ್ಲಿ ಏನು ಮಾಡೋದು? ಮೂರು ಮಾತು. ಒಂದು, ಪರಿಶೀಲನೆ ಮುಗೀತು ಅಂತ ಬರಹದಲ್ಲಿ ಬರೋ ತನಕ, ಸಾಧ್ಯವಾದಷ್ಟೂ ಈಗಿರೋ ಕೆಲಸ ಬಿಡಬೇಡಿ. ಎರಡು, ವೆರಿಫಿಕೇಶನ್ ಕ್ಲಿಯರ್ ಮಾಡಿಸಿಕೊಡ್ತೀನಿ, ಇಷ್ಟು ದುಡ್ಡು ಹಾಕು ಅಂತ ಯಾರಾದ್ರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗೆ ಕೇಳುವವನು ನಿಮ್ಮ ಭಯವನ್ನೇ ಬಂಡವಾಳ ಮಾಡಿಕೊಂಡವನು. ಮೂರು, ತಿರಸ್ಕಾರವೇ ಆದರೆ ಕಾರಣವನ್ನ ಬರಹದಲ್ಲಿ ಕೇಳಿ. ಬೇರೆ ಯಾರದ್ದೋ ದಾಖಲೆ ನಿಮ್ಮ ಹೆಸರಿಗೆ ಅಂಟಿಕೊಂಡಿರಬಹುದು, ಅದನ್ನ ಸರಿಪಡಿಸಿಕೊಳ್ಳಬಹುದು.

ಪರಿಶೀಲನೆ ಮಾಡೋರು ಹುಡುಕೋದು ಕಲೆಯೇ ಇಲ್ಲದ ಮನುಷ್ಯನನ್ನಲ್ಲ. ನೀವು ಬರೆದುಕೊಟ್ಟದ್ದು ಮತ್ತು ದಾಖಲೆಯಲ್ಲಿರೋದು ಒಂದೇನಾ ಅಂತ ನೋಡ್ತಾರೆ. ಅವೆರಡೂ ಒಂದೇ ಆಗಿದ್ದರೆ ನಿಮ್ಮ ಪಾಲಿನ ಕೆಲಸ ನೀವು ಮಾಡಿದ್ದೀರಿ. ಇವತ್ತು ರಾತ್ರಿ ಮಲಗಿ.