ಕಡಿಮೆ ಖರ್ಚಿನ ಊಟದಲ್ಲಿ ‘ಶಕ್ತಿ’ ಇರುವುದಿಲ್ಲವೇ? ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿಯ ಲೆಕ್ಕ ನೋಡಿ

ಮಕ್ಕಳಿಗೆ ದಿನಾ ಬಾದಾಮಿ ಕೊಡಬೇಕು, ಪ್ರೋಟೀನ್ ಪುಡಿ ಹಾಲಿಗೆ ಹಾಕಿ ಕುಡಿಸಬೇಕು, ಇಲ್ಲದಿದ್ದರೆ ಬೆಳವಣಿಗೆ ಆಗುವುದಿಲ್ಲ ಎನ್ನುವ ಸಂದೇಶಗಳು ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಜೊತೆಗೇ ಓಡಾಡುವ ಇನ್ನೊಂದು ಸಂದೇಶ, ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸಿದ್ದಾರೆ ಎನ್ನುವುದು. ಎರಡನ್ನೂ ನಂಬಿದ ಮನೆಯಲ್ಲಿ ತಿಂಗಳ ಕೊನೆಯ ದುಡ್ಡು ಡಬ್ಬಿ ಪುಡಿಗೆ ಹೋಗುತ್ತದೆ, ಮನೆಗೆ ಬಂದ ಅಕ್ಕಿ ಕೋಳಿಗೆ ಹೋಗುತ್ತದೆ. ಹಾಗಾಗಿ ಇವೆರಡನ್ನೂ ಒಟ್ಟಿಗೆ ನೋಡೋಣ.

ಉದಾಹರಣೆಗೆ ಕೊಪ್ಪಳ ಜಿಲ್ಲೆಯ ಊಟವನ್ನೇ ತೆಗೆದುಕೊಳ್ಳೋಣ. ತಳಕಲ್, ಕುಕನೂರು, ಯಲಬುರ್ಗಾ ಕಡೆ ಎರೆಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ ಬೆಳೆಯುತ್ತಾರೆ. ಊಟವೆಂದರೆ ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಇಲ್ಲವೇ ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಕೊನೆಗೆ ಒಂದಿಷ್ಟು ಅನ್ನ. ಇದರಲ್ಲಿ ‘ಶಕ್ತಿ’ ಇದೆಯೇ?

ಒಬ್ಬರಿಗೆ ಎಷ್ಟು ಪ್ರೋಟೀನ್ ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದ ಪ್ರಕಾರ, 55 ಕೆಜಿ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಸುಮಾರು 46 ಗ್ರಾಂ, 65 ಕೆಜಿ ತೂಕದ ಗಂಡಸಿಗೆ 54 ಗ್ರಾಂ ಪ್ರೋಟೀನ್ ಸಾಕು.

ಈಗ ಮನೆಯ ಲೆಕ್ಕ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 8 ಗ್ರಾಂ, ತೊಗರಿಬೇಳೆ ಮತ್ತು ಹೆಸರುಕಾಳಿನಲ್ಲಿ 22 ಗ್ರಾಂ, ಶೇಂಗಾದಲ್ಲಿ 23 ಗ್ರಾಂ ಪ್ರೋಟೀನ್ ಇದೆ. ಒಬ್ಬ ಹೆಣ್ಣುಮಗಳು ದಿನಕ್ಕೆ 200 ಗ್ರಾಂ ಹಿಟ್ಟಿನ ರೊಟ್ಟಿ, 100 ಗ್ರಾಂ ಅಕ್ಕಿಯ ಅನ್ನ, 50 ಗ್ರಾಂ ಕಾಳು ಅಥವಾ ಬೇಳೆ, 30 ಗ್ರಾಂ ಶೇಂಗಾದ ಹಿಂಡಿ ತಿಂದರೆ 20+8+11+7, ಒಟ್ಟು 46 ಗ್ರಾಂ. ಡಬ್ಬಿ ಪುಡಿ ಒಂದು ಚಮಚವೂ ಬೇಕಾಗಲಿಲ್ಲ.

ಖರ್ಚು? ತೊಗರಿಬೇಳೆ ಕೆಜಿಗೆ 130 ರೂಪಾಯಿ, ಶೇಂಗಾ 150, ಬಾದಾಮಿ 900, ಒಂದು ಮೊಟ್ಟೆ 7 ರೂಪಾಯಿ ಎಂದು ಇಟ್ಟುಕೊಳ್ಳೋಣ. 10 ಗ್ರಾಂ ಪ್ರೋಟೀನಿಗೆ ಬೇಳೆಯಲ್ಲಿ 6 ರೂಪಾಯಿ, ಶೇಂಗಾದಲ್ಲಿ ಆರೂವರೆ, ಮೊಟ್ಟೆಯಲ್ಲಿ 12 ರೂಪಾಯಿ, ಬಾದಾಮಿಯಲ್ಲಿ 49 ರೂಪಾಯಿ ಬೀಳುತ್ತದೆ. ನಿಮ್ಮೂರ ಸಂತೆಯ ದರ ಹಾಕಿ ನೋಡಿ, ಅಂಕಿ ಬದಲಾದರೂ ಅಂತರ ಬದಲಾಗುವುದು ಕಷ್ಟ. ಬಾದಾಮಿ ಒಳ್ಳೆಯದೇ, ಆದರೆ ಪ್ರೋಟೀನಿಗಾಗಿ ಅದನ್ನು ಕೊಳ್ಳುವುದು ದುಬಾರಿ ದಾರಿ.

ಆದರೆ ಒಂದು ಷರತ್ತು ಇದೆ

ಬರೀ ರೊಟ್ಟಿ, ಕೆಂಪು ಖಾರ ತಿಂದರೂ ಹೊಟ್ಟೆ ತುಂಬುತ್ತದೆ. ಜೋಳದಲ್ಲಿ ನಾರಿನಂಶ ಅಕ್ಕಿಗಿಂತ ಬಹಳ ಹೆಚ್ಚು, ಅದರ ಪಿಷ್ಟವೂ ನಿಧಾನವಾಗಿ ಕರಗುತ್ತದೆ. ಹೊಲಕ್ಕೆ ಹೋಗುವವರಿಗೆ ಬುತ್ತಿಯಲ್ಲಿ ರೊಟ್ಟಿಯೇ ಏಕೆ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ಪ್ರೋಟೀನ್ ಎನ್ನುವುದು ಅಮೈನೋ ಆಮ್ಲಗಳೆಂಬ ಸಣ್ಣ ತುಂಡುಗಳಿಂದ ಆದದ್ದು. ಜೋಳದಲ್ಲಿ ‘ಲೈಸಿನ್’ ಎಂಬ ತುಂಡು ಬಹಳ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ‘ಮೆಥಿಯೋನಿನ್’ ಜೋಳದಲ್ಲಿ ಸಿಗುತ್ತದೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಶೇಂಗಾದಲ್ಲೂ ಲೈಸಿನ್ ಕಡಿಮೆಯೇ, ಹಾಗಾಗಿ ಹಿಂಡಿ ಇದೆಯಲ್ಲ ಎಂದು ಕಾಳು ಬಿಡುವಂತಿಲ್ಲ.

ಖರ್ಚು ಬಿಗಿಯಾದಾಗ ಮೊದಲು ತೆಳ್ಳಗಾಗುವುದು ಬೇಳೆಯೇ. ಸಾರಿಗೆ ನೀರು ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ಉಳಿತಾಯ ಮಾಡಬಾರದ ಜಾಗ ಇದೊಂದೇ. ಐದು ಜನರ ಮನೆಗೆ ದಿನಕ್ಕೆ ಕಾಲು ಕೆಜಿ ಕಾಳು ಎಂದರೆ ಮೇಲಿನ ದರದಲ್ಲಿ 33 ರೂಪಾಯಿಯೊಳಗೆ ಮುಗಿಯುತ್ತದೆ. ಬೇಳೆ ತುಟ್ಟಿಯಾದ ತಿಂಗಳು ಮಡಕಿ, ಹುರುಳಿ, ಹೆಸರು, ಯಾವುದು ಅಗ್ಗವೋ ಅದು. ಕಡಲೆಹಿಟ್ಟಿದ್ದರೆ ಜುಣಕ ಹತ್ತು ನಿಮಿಷದ ಕೆಲಸ, ಗ್ಯಾಸೂ ಉಳಿಯುತ್ತದೆ.

ಇನ್ನೊಂದು ಮಾತು ಮುಚ್ಚಿಡಬಾರದು. ಜೋಳ ಬೇಯಿಸಿದಾಗ ಅದರ ಪ್ರೋಟೀನ್ ಸ್ವಲ್ಪ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ, ಪೂರ್ತಿ ಜೀರ್ಣವಾಗುವುದಿಲ್ಲ. ಹಿಟ್ಟನ್ನು ಹುಳಿ ಬರಿಸಿ ಕಾಸುವ ಅಂಬಲಿಯಲ್ಲಿ ಈ ತೊಂದರೆ ಕಡಿಮೆ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಮೇಲಿನ ಲೆಕ್ಕದ ಜೊತೆಗೆ ಮಜ್ಜಿಗೆ, ಮೊಸರು ಇಲ್ಲವೇ ತಿನ್ನುವವರಾದರೆ ಮೊಟ್ಟೆ ಸೇರಿಸಬೇಕು. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದ್ದು ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳಲ್ಲಿ. ಕೊಪ್ಪಳ ಅವುಗಳಲ್ಲಿ ಒಂದು.

ಊಟ ಆದ ಕೂಡಲೇ ಚಹಾ ಬೇಡ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 47.8%, ಐದು ವರ್ಷದೊಳಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ಜೋಳದಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ನಿಧಾನ, ಚಹಾದ ಒಗರು ಅದನ್ನು ಇನ್ನೂ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಕುದಿಯುವಾಗಲೇ ಹಿಂಡಿದರೆ ಬಹುಪಾಲು ಹಾಳು. ಕಾಳನ್ನು ನೆನೆಸಿ ಮೊಳಕೆ ಕಟ್ಟುವುದೂ ಇದೇ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಆ ‘ಪ್ಲಾಸ್ಟಿಕ್’ ಕಾಳು ಯಾವುದು?

ಪ್ರಧಾನಿ 2021ರ ಆಗಸ್ಟ್ 15ರ ಭಾಷಣದಲ್ಲಿ ಸರ್ಕಾರಿ ಯೋಜನೆಗಳ ಅಕ್ಕಿಯನ್ನು ಸಾರವರ್ಧಿತಗೊಳಿಸುವುದಾಗಿ ಘೋಷಿಸಿದರು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರದ ಕಾಳು ಮಾಡುತ್ತಾರೆ. ಅದನ್ನು ಸಾಮಾನ್ಯ ಅಕ್ಕಿಗೆ ನೂರಕ್ಕೆ ಒಂದರಂತೆ ಬೆರೆಸುತ್ತಾರೆ. ಒತ್ತಿ ಮಾಡಿದ ಕಾಳಾದ್ದರಿಂದ ಬಣ್ಣ ಸ್ವಲ್ಪ ಬೇರೆ, ಹಗುರ, ಕೆಲವು ನೀರಿನಲ್ಲಿ ತೇಲುತ್ತವೆ. ಸುಟ್ಟರೆ ಕರಕಲಾಗುತ್ತದೆ ಎಂಬ ವಿಡಿಯೊ ಏನನ್ನೂ ಸಾಬೀತು ಮಾಡುವುದಿಲ್ಲ, ಯಾವ ಅಕ್ಕಿ ಸುಟ್ಟರೂ ಕರಕಲೇ. ಅನ್ನದ ಉಂಡೆ ಪುಟಿಯುವುದು ಪಿಷ್ಟದ ಅಂಟಿನಿಂದ. ನಿಜವಾದ ಪ್ಲಾಸ್ಟಿಕ್ ಆಗಿದ್ದರೆ ಕುದಿಸಿದಾಗ ಅನ್ನವಾಗಿ ಮೆತ್ತಗಾಗುತ್ತಲೇ ಇರಲಿಲ್ಲ.

ನಿಮ್ಮ ಅಕ್ಕಿಯಲ್ಲಿ ಇಂಥ ಕಾಳು ಬಂದಿದ್ದರೆ ಆರಿಸಿ ಎಸೆಯಬೇಡಿ, ಎಸೆದರೆ ಹೋಗುವುದು ಬೆರೆಸಿದ ಕಬ್ಬಿಣವೇ. ಅಕ್ಕಿಯನ್ನು ಐದಾರು ಸಲ ಉಜ್ಜಿ ತೊಳೆಯುವುದೂ, ಗಂಜಿ ಬಸಿದು ಚೆಲ್ಲುವುದೂ ಬೇಡ. ಮನೆಯಲ್ಲಿ ಥಲಸ್ಸೇಮಿಯಾ ಇರುವವರಿದ್ದರೆ ಮಾತ್ರ ಈ ಅಕ್ಕಿಯ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

ಎಸೆಯಲೇಬೇಕಾದದ್ದು ಬೇರೆ ಇದೆ. ಅಗ್ಗಕ್ಕೆ ಸಿಗುತ್ತದೆಂದು ಬೂಸ್ಟು ಹಿಡಿದ, ಮುದುರಿದ, ಬಣ್ಣ ಕೆಟ್ಟ ಶೇಂಗಾ ತರಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಅಪಾಯ, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಿಂಡಿ ಕುಟ್ಟುವ ಮೊದಲು ಶೇಂಗಾವನ್ನು ಬೆಳಕಿನಲ್ಲಿ ಹರವಿ, ಅನುಮಾನ ಬಂದ ಬೀಜ ತೆಗೆಯಿರಿ. ಅವನ್ನು ದನಕ್ಕೂ ಹಾಕಬೇಡಿ, ವಿಷದ ಅಂಶ ಹಾಲಿಗೂ ಬರುತ್ತದೆ.